ಮೇಜಿನ ಖಾನೆ ಸೇರಿದ್ದ ಪೆನ್ನು: ದಕ್ಷಿಣ ಕೊಡಗಿನ ಮದುವೆ ಸ್ಟುಡಿಯೋ ಒಂದರ ಪ್ರಕರಣ

ಹಿನ್ನೆಲೆ

ದಕ್ಷಿಣ ಕೊಡಗಿನ ಒಂದು ಪೇಟೆಯ ಮದುವೆ ಸ್ಟುಡಿಯೋ ಇದು. ಊರಿನ ಹೆಸರು, ಮಾಲೀಕರ ಮನೆತನ, ಕೆಲಸದವರ ಹೆಸರು ಯಾವುದನ್ನೂ ಇಲ್ಲಿ ಬರೆದಿಲ್ಲ. ಗುರುತು ಹತ್ತಬಹುದಾದ ಒಂದೆರಡು ಸಂಗತಿಗಳನ್ನು ಬದಲಾಯಿಸಿದ್ದೇನೆ. ಡ್ರಾಯಿಂಗ್ ಟ್ಯಾಬ್ಲೆಟ್‌ಗೆ, ಅಂದರೆ ಮೌಸ್ ಬದಲು ಪೆನ್ನು ಹಿಡಿದು ಕಂಪ್ಯೂಟರ್‌ನಲ್ಲಿ ಕೆಲಸ ಮಾಡುವ ಹಲಗೆಗೆ, ಸಂಬಂಧಿಸಿದ ವಿವರಗಳನ್ನು ಮಾತ್ರ ಇದ್ದದ್ದು ಇದ್ದ ಹಾಗೆ ಕೊಟ್ಟಿದ್ದೇನೆ, ಏಕೆಂದರೆ ಉಳಿದ ಸ್ಟುಡಿಯೋಗಳಿಗೆ ಉಪಯೋಗಕ್ಕೆ ಬರುವುದು ಅವೇ.

ಸ್ಟುಡಿಯೋದಲ್ಲಿ ಮೂವರು. ಮಾಲೀಕರು ಫಿಲಂ ಕಾಲದಿಂದ ಕೆಲಸ ಮಾಡಿಕೊಂಡು ಬಂದವರು. ನೆಗೆಟಿವ್ ಮೇಲೆ ಪೆನ್ಸಿಲ್ ಹಿಡಿದು ಮುಖ ತಿದ್ದುವುದನ್ನು ಕಲಿತ ಕೈ ಅವರದು. ಚಿತ್ರ ಸಂಸ್ಕರಣೆ ಮತ್ತು ಆಲ್ಬಂ ಕೆಲಸವನ್ನೆಲ್ಲ ನೋಡಿಕೊಳ್ಳುವವಳು ಇಪ್ಪತ್ತರ ಆಸುಪಾಸಿನ ಹುಡುಗಿ. ಇನ್ನೊಬ್ಬ ಹುಡುಗ ಕ್ಯಾಮೆರಾ ಹಿಡಿಯುತ್ತಾನೆ. ಕೆಲಸದಲ್ಲಿ ಹೆಚ್ಚಿನ ಪಾಲು ಕೊಡವ ಮದುವೆಗಳದು, ನಡುವೆ ಆಗೊಮ್ಮೆ ಈಗೊಮ್ಮೆ ಹೋಂಸ್ಟೇ ಕೋಣೆಗಳ ಚಿತ್ರಗಳು. ಸುಗ್ಗಿಯ ಹಬ್ಬವಾದ ಪುತ್ತರಿ ಕಳೆದ ಮೇಲೆ ಶುರುವಾಗುವ ಮದುವೆಗಳ ಭರಾಟೆ ಮಳೆ ಹಿಡಿಯುವವರೆಗೂ ನಿಲ್ಲುವುದಿಲ್ಲ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಕ್ಕಡ ತಿಂಗಳಲ್ಲಿ ಶುಭಕಾರ್ಯಗಳಿಲ್ಲದ ಕಾರಣ ಸ್ಟುಡಿಯೋಗೂ ಬಿಡುವು.

ಕೊಡವ ಮದುವೆಯ ಚಿತ್ರಗಳನ್ನು ತಿದ್ದುವುದು ಸುಲಭದ ಕೆಲಸವಲ್ಲ. ಗಂಡಸರೆಲ್ಲ ಕಪ್ಪು ಕುಪ್ಯ, ಅಂದರೆ ಉದ್ದನೆಯ ನಿಲುವಂಗಿ, ತೊಟ್ಟಿರುತ್ತಾರೆ, ಮದುಮಗ ಬಿಳಿ ಕುಪ್ಯದಲ್ಲಿರುತ್ತಾನೆ. ಒಂದೇ ಚೌಕಟ್ಟಿನಲ್ಲಿ ಅಪ್ಪಟ ಕಪ್ಪು, ಅಪ್ಪಟ ಬಿಳಿ ಎರಡೂ ಬಂದಾಗ ಕ್ಯಾಮೆರಾ ಯಾವುದಾದರೂ ಒಂದಕ್ಕೆ ಮೋಸ ಮಾಡುತ್ತದೆ. ಕಪ್ಪಿನೊಳಗೆ ಬಟ್ಟೆಯ ಮಡಿಕೆ ಮುಳುಗುತ್ತದೆ, ಇಲ್ಲವೇ ಬಿಳಿಯಲ್ಲಿ ನೇಯ್ಗೆ ಮಾಯವಾಗುತ್ತದೆ. ಸೊಂಟಕ್ಕೆ ಸುತ್ತಿದ ಕೆಂಪು ರೇಷ್ಮೆಯ ಚೇಲೆ, ಅದರಲ್ಲಿ ಸಿಕ್ಕಿಸಿದ ಪುಟ್ಟ ಬಾಕು ಪೀಚೆಕತ್ತಿಯ ಬೆಳ್ಳಿ ಕೆಲಸ, ವಧುವಿನ ಕೊರಳಿನ ಆಭರಣಗಳಾದ ಪತ್ತಾಕ್ ಮತ್ತು ಜೋಮಾಲೆ, ಇವೆಲ್ಲವೂ ಮನೆಯವರು ಆಲ್ಬಂ ತೆರೆದ ತಕ್ಷಣ ಬೆರಳಿಟ್ಟು ನೋಡುವ ಜಾಗಗಳು. ದಂಪತಿ ಮುಹೂರ್ತದಲ್ಲಿ ಹಿರಿಯರು ಒಬ್ಬೊಬ್ಬರಾಗಿ ಬಂದು ಅಕ್ಕಿ ಹಾಕಿ, ಕಿಂಡಿ ಎಂಬ ಕೊಳವೆಬಾಯಿಯ ಪಾತ್ರೆಯಿಂದ ಹಾಲು ಕುಡಿಸಿ ಹರಸುವ ಚಿತ್ರಗಳಲ್ಲಿ ಪ್ರತಿ ಮುಖವೂ ಯಾರೋ ಒಬ್ಬರಿಗೆ ಅಮೂಲ್ಯ. ಒಂದು ಚಿತ್ರಕ್ಕೆ ಹೊಂದಿದ ತಿದ್ದುಪಡಿಯನ್ನು ಇನ್ನೊಂದಕ್ಕೆ ಹಾಗೆಯೇ ಎಳೆದು ಹಾಕಲು ಬರುವುದಿಲ್ಲ. ಕೈಯಿಂದಲೇ ಜಾಗ ಜಾಗಕ್ಕೆ ಬೆಳಕು ಏರಿಸಬೇಕು, ಇಳಿಸಬೇಕು.

ಮೊದಲು ಇದನ್ನೆಲ್ಲ ಮೌಸ್‌ನಲ್ಲಿಯೇ ಮಾಡುತ್ತಿದ್ದರು. ಹೊತ್ತು ಸಾಲದಾದಾಗ ಮುಖವನ್ನು ಒಟ್ಟಾರೆಯಾಗಿ ನುಣುಪು ಮಾಡುವ ಒಂದು ಫಿಲ್ಟರ್ ಹಾಕಿ ಮುಗಿಸುತ್ತಿದ್ದರು. ಒಂದು ಮನೆಯವರು ಆಲ್ಬಂ ವಾಪಸು ತಂದುಕೊಟ್ಟರು. ಹರಸಲು ಬಂದ ಅಜ್ಜಿಯ ಮುಖದಲ್ಲಿ ಒಂದು ಗೆರೆಯೂ ಉಳಿದಿರಲಿಲ್ಲ. ‘ಇದು ನಮ್ಮ ಅಜ್ಜಿಯಲ್ಲ’ ಎಂದಷ್ಟೇ ಅವರು ಹೇಳಿದ್ದು. ಜಗಳ ಮಾಡಲಿಲ್ಲ. ಆದರೆ ಮಾಲೀಕರಿಗೆ ಆ ಮಾತು ನಾಟಿತು. ಪೆನ್ಸಿಲ್ ಹಿಡಿದು ಮುಖ ತಿದ್ದಿದವರಿಗೆ, ಎಷ್ಟು ತಿದ್ದಬೇಕು ಎನ್ನುವುದಕ್ಕಿಂತ ಎಲ್ಲಿ ನಿಲ್ಲಿಸಬೇಕು ಎನ್ನುವುದು ಮುಖ್ಯವೆಂದು ಗೊತ್ತಿರುತ್ತದೆ. ಪೆನ್ನು ಇರುವ ಟ್ಯಾಬ್ಲೆಟ್ ಕೊಳ್ಳಲು ನಿರ್ಧರಿಸಿದ್ದು ಆ ವಾರವೇ.

ಸಮಸ್ಯೆ

ತಂದದ್ದು ಚಿಕ್ಕ ಗಾತ್ರದ ಟ್ಯಾಬ್ಲೆಟ್. ಪೆನ್ನು ಓಡಾಡುವ ಜಾಗ 152 ಮಿಲಿಮೀಟರ್ ಅಗಲ, 95 ಮಿಲಿಮೀಟರ್ ಎತ್ತರ. ಪೆನ್ನಿಗೆ ಬ್ಯಾಟರಿ ಬೇಡ. ಟ್ಯಾಬ್ಲೆಟ್‌ನ ಹಲಗೆಯೇ ಹೊರಡಿಸುವ ವಿದ್ಯುತ್ಕಾಂತೀಯ ಅಲೆಯಿಂದ ಅದು ಶಕ್ತಿ ಪಡೆಯುತ್ತದೆ. ಒತ್ತಡದ 4096 ಹಂತಗಳನ್ನು ಗುರುತಿಸುತ್ತದೆ. ಮದುವೆ ಸ್ಟುಡಿಯೋ ಒಂದಕ್ಕೆ ಇದು ಧಾರಾಳವಾಗಿ ಸಾಕು, ಉಪಕರಣದಲ್ಲಿ ಕೊರತೆಯೇನೂ ಇರಲಿಲ್ಲ.

ಆದರೆ ತಂದದ್ದು ಏಪ್ರಿಲ್‌ನಲ್ಲಿ, ಮದುವೆಗಳು ಒಂದರ ಹಿಂದೆ ಒಂದು ಬರುತ್ತಿದ್ದ ಹೊತ್ತಿನಲ್ಲಿ. ಮಾಲೀಕರು ತಾವೇ ಕುಳಿತು ಡ್ರೈವರ್ (ಟ್ಯಾಬ್ಲೆಟ್ ನಡೆಸುವ ತಂತ್ರಾಂಶ) ಹಾಕಿ, ತಮ್ಮ ಕೈಗೆ ಒಗ್ಗುವಂತೆ ಹೊಂದಿಸಿ, ‘ಇನ್ನು ಎಲ್ಲವನ್ನೂ ಇದರಲ್ಲೇ ಮಾಡಮ್ಮ, ಬೇಗ ಮುಗಿಯುತ್ತದೆ’ ಎಂದು ಹುಡುಗಿಗೆ ಒಪ್ಪಿಸಿದರು. ವಾರ ಕಳೆಯುವುದರೊಳಗೆ ಪೆನ್ನು ಮೇಜಿನ ಖಾನೆ ಸೇರಿತು, ಹಲಗೆಯ ಮೇಲೆ ಆಲ್ಬಂ ಮಾದರಿಗಳು ಬಂದು ಕುಳಿತವು. ನಾನು ಸ್ಟುಡಿಯೋಗಳ ಹುಡುಗರಿಗೆ ರೀಟಚಿಂಗ್ ಹೇಳಿಕೊಡುವವನು. ನನ್ನನ್ನು ಕರೆದದ್ದು ಆಮೇಲೆ.

ಹುಡುಗಿಯ ದೂರುಗಳನ್ನು ಅವಳ ಮಾತಿನಲ್ಲೇ ಬರೆದುಕೊಂಡೆ. ಕರ್ಸರ್ ಹಾರುತ್ತದೆ. ಸಣ್ಣದಾಗಿ ಮುಟ್ಟಿದರೆ ಬ್ರಷ್ ಬೀಳುವುದೇ ಇಲ್ಲ, ಒಂದು ಬಳೆಯಂಥ ಗುರುತು ಬಂದು ಹೋಗುತ್ತದೆ. ದುಂಡಗೆ ಸುತ್ತಿದರೆ ಮೊಟ್ಟೆಯಾಕಾರ ಬರುತ್ತದೆ. ಸಂಜೆಯ ಹೊತ್ತಿಗೆ ಹೆಬ್ಬೆರಳಿನ ಬುಡ ನೋಯುತ್ತದೆ. ಕೊನೆಯದಾಗಿ, ‘ಅಣ್ಣಾ, ಮೌಸ್‌ನಲ್ಲೇ ನನಗೆ ಬೇಗ ಆಗುತ್ತದೆ’.

ಐದಕ್ಕೆ ಐದೂ ನಿಜವಾದ ದೂರುಗಳು. ಹೊಸದನ್ನು ಕಲಿಯಲು ಮನಸ್ಸಿಲ್ಲ ಎಂದು ಮಾಲೀಕರು ಭಾವಿಸಿದ್ದರು. ಆ ತೀರ್ಮಾನವನ್ನು ಮೊದಲು ಬದಿಗೆ ಸರಿಸಬೇಕಾಯಿತು. ಹೆಚ್ಚಿನ ಸ್ಟುಡಿಯೋಗಳಲ್ಲಿ ಟ್ಯಾಬ್ಲೆಟ್ ಮೂಲೆ ಸೇರುವುದು ಇಲ್ಲಿಯೇ: ಪೆನ್ನು ಹಿಡಿದವರ ದೂರನ್ನು ಸೋಮಾರಿತನವೆಂದು ಓದಿಕೊಂಡಾಗ.

ಸೆಟ್ಟಿಂಗ್ ಮುಟ್ಟುವ ಮೊದಲು ಒಂದು ಕೆಲಸ ಮಾಡಿದೆವು. ಒಂದು ಭಾವಚಿತ್ರವನ್ನು ಅವಳು ಮಾಮೂಲಿನಂತೆ ಮೌಸ್‌ನಲ್ಲಿ ತಿದ್ದುವಾಗ ಪರದೆಯನ್ನು ರೆಕಾರ್ಡ್ ಮಾಡಿಕೊಂಡು, ಮೂವರೂ ಕುಳಿತು ನೋಡಿದೆವು. ಕಾಲಹರಣ ಎಲ್ಲಿ ಆಗುತ್ತಿದೆ ಎಂಬುದು ಕಣ್ಣಿಗೆ ಕಟ್ಟಿತು. ಮುಖದ ಮೇಲೆ ಬ್ರಷ್ ಇದ್ದ ಹೊತ್ತು ಕಡಿಮೆ. ಬ್ರಷ್ ದೊಡ್ಡದು ಮಾಡಲು ಮೇಲಿನ ಪಟ್ಟಿಗೆ, ಒಪಾಸಿಟಿ (ಬಣ್ಣದ ದಟ್ಟತೆ) ಇಳಿಸಲು ಮತ್ತೆ ಅಲ್ಲಿಗೆ, ಲೇಯರ್ (ಚಿತ್ರದ ಮೇಲಿನ ಪದರ) ಬದಲಿಸಲು ಬಲಗಡೆಯ ಮೂಲೆಗೆ, ಹತ್ತಿರದಿಂದ ನೋಡಲು ಎಡಗಡೆಯ ಭೂತಗನ್ನಡಿಗೆ. ಅಂಚಿಗೆ ಹೋಗಿ ಬರುವುದರಲ್ಲೇ ಅರ್ಧ ಕೆಲಸ ಸೋರಿಹೋಗುತ್ತಿತ್ತು. ಎಡಗೈ ಉದ್ದಕ್ಕೂ ಮಡಿಲಲ್ಲಿತ್ತು.

ಈ ಪ್ರಕರಣದ ಮೊದಲ ತಿರುವು ಇದು. ಮೌಸ್ ತೆಗೆದು ಪೆನ್ನು ಕೊಟ್ಟರೆ ಈ ಓಡಾಟ ಹೋಗುವುದಿಲ್ಲ. ಪೆನ್ನಿನಿಂದ ಪರದೆಯ ಅಂಚಿಗೆ ಹೋಗಿಬರುವುದು ಮೌಸ್‌ಗಿಂತಲೂ ನಿಧಾನ, ಏಕೆಂದರೆ ಅಲ್ಲಿರುವ ಗುಂಡಿಗಳೆಲ್ಲ ಪುಟ್ಟವು. ಪೆನ್ನು ಹೊಂದಿಸುವುದೆಂದರೆ ಮುಖ್ಯವಾಗಿ ಈ ಓಡಾಟವನ್ನು ತಪ್ಪಿಸುವುದು ಎಂದು ಅಂದೇ ನಿಶ್ಚಯ ಮಾಡಿಕೊಂಡೆವು. ಇನ್ನೊಂದು ನಿಶ್ಚಯವೂ ಆಯಿತು: ಮದುವೆಗಳ ನಡುವೆ ಕಲಿಕೆ ಬೇಡ. ಕೈಗೆ ಹೊಸ ಅಭ್ಯಾಸ ಕೂರುವಾಗ ಕೆಲಸ ನಿಧಾನವಾಗುತ್ತದೆ, ಆಲ್ಬಂ ಕೇಳಿಕೊಂಡು ಫೋನ್ ಬರುತ್ತಿರುವಾಗ ಆ ನಿಧಾನವನ್ನು ಯಾರೂ ಸಹಿಸುವುದಿಲ್ಲ. ಕಕ್ಕಡದವರೆಗೆ ಕಾಯೋಣ ಎಂದೆ. ಮಾಲೀಕರು ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದರು.

ಮಾಡಿ ನೋಡಿದ್ದು

ಕರ್ಸರ್ ಹಾರುವುದರ ಕಾರಣ ಹುಡುಕಲು ಹೊತ್ತು ಹಿಡಿಯಲಿಲ್ಲ. ಸ್ಟುಡಿಯೋದಲ್ಲಿ ಎರಡು ಮಾನಿಟರ್‌ಗಳು ಅಕ್ಕಪಕ್ಕ ಇದ್ದವು, ತಲಾ 1920 ಪಿಕ್ಸೆಲ್ ಅಗಲ, 1080 ಎತ್ತರ. ಡ್ರೈವರ್ ಆ ಪುಟ್ಟ ಹಲಗೆಯನ್ನು ಎರಡೂ ಪರದೆಗಳಿಗೆ ಹಿಗ್ಗಿಸಿ ಹಂಚಿತ್ತು. ಲೆಕ್ಕ ಹಾಕಿ ನೋಡಿ: ಅಡ್ಡಲಾಗಿ 3840 ಪಿಕ್ಸೆಲ್‌ಗಳಿಗೆ 152 ಮಿಲಿಮೀಟರ್, ಅಂದರೆ ಒಂದು ಮಿಲಿಮೀಟರ್‌ಗೆ ಸುಮಾರು 25 ಪಿಕ್ಸೆಲ್. ಉದ್ದಕ್ಕೆ 1080 ಪಿಕ್ಸೆಲ್‌ಗಳಿಗೆ 95 ಮಿಲಿಮೀಟರ್, ಒಂದು ಮಿಲಿಮೀಟರ್‌ಗೆ ಹನ್ನೊಂದು ಚಿಲ್ಲರೆ. ಕೈ ಅಡ್ಡಕ್ಕೆ ಚಲಿಸಿದರೆ ಕರ್ಸರ್ ಎರಡು ಪಟ್ಟಿಗೂ ಹೆಚ್ಚು ಓಡುತ್ತಿತ್ತು. ಅವಳು ದುಂಡಗೆ ಬರೆದದ್ದು ಮೊಟ್ಟೆಯಾದದ್ದು ಅವಳ ಕೈಯ ದೋಷವಲ್ಲ. ಹಲಗೆಯನ್ನು ಕೆಲಸದ ಒಂದೇ ಮಾನಿಟರ್‌ಗೆ ಕಟ್ಟಿ, ಅನುಪಾತ ಕಾಯ್ದುಕೊಳ್ಳುವ ಆಯ್ಕೆಗೆ ಗುರುತು ಹಾಕಿದೆವು. ಆಗ ಎರಡೂ ದಿಕ್ಕಿನಲ್ಲಿ ಮಿಲಿಮೀಟರ್‌ಗೆ ಹನ್ನೆರಡೂವರೆ ಪಿಕ್ಸೆಲ್ ಆಯಿತು, ಹಲಗೆಯ ಕೆಳಗಡೆ ಒಂದು ಸೆಂಟಿಮೀಟರಿನಷ್ಟು ಪಟ್ಟಿ ಉಪಯೋಗಕ್ಕೆ ಬಾರದೆ ಉಳಿಯಿತು. ಅಷ್ಟು ಜಾಗ ಹೋದರೆ ಹೋಗಲಿ.

ಹಾರುವ ಕರ್ಸರ್‌ಗೆ ಹೆದರಿ ಮಾಲೀಕರು ಈ ನಡುವೆ ಪೆನ್ನನ್ನು ಮೌಸ್ ಕ್ರಮಕ್ಕೆ ಬದಲಿಸಿದ್ದರು. ಆ ಕ್ರಮದಲ್ಲಿ ಪೆನ್ನನ್ನು ಎತ್ತಿ ಬೇರೆಡೆ ಇಟ್ಟರೂ ಕರ್ಸರ್ ಇದ್ದಲ್ಲೇ ಇರುತ್ತದೆ. ಮೌಸ್ ಬಳಸಿ ಅಭ್ಯಾಸವಿದ್ದವರಿಗೆ ಮೊದಮೊದಲು ಹಿತವೆನಿಸುತ್ತದೆ, ಆದರೆ ಪೆನ್ನಿನ ಲಾಭವೆಲ್ಲ ಅಲ್ಲಿಯೇ ಹೋಗಿಬಿಡುತ್ತದೆ. ಪೆನ್ನಿನ ಕ್ರಮದಲ್ಲಿ ಹಲಗೆಯ ಪ್ರತಿ ಬಿಂದುವಿಗೂ ಪರದೆಯ ಮೇಲೆ ಒಂದು ಖಾಯಂ ಜಾಗವಿದೆ. ಎಡಗಣ್ಣಿನ ಮೇಲೆ ಇಟ್ಟರೆ ಎಡಗಣ್ಣು, ಚೇಲೆಯ ಅಂಚಿಗೆ ಇಟ್ಟರೆ ಚೇಲೆಯ ಅಂಚು. ಕೈ ಆ ಜಾಗಗಳನ್ನು ತಾನಾಗಿ ನೆನಪಿಟ್ಟುಕೊಳ್ಳುತ್ತದೆ. ಮತ್ತೆ ಪೆನ್ನಿನ ಕ್ರಮಕ್ಕೆ ಬಂದು, ಹುಡುಗಿಗೆ ಒಂದು ಅಭ್ಯಾಸ ಕೊಟ್ಟೆ: ವಧುವಿನ ಚಿತ್ರವೊಂದರ ಮೇಲೆ ಖಾಲಿ ಲೇಯರ್ ತೆರೆದು ಸೀರೆಯ ಅಂಚು, ತಲೆಗೆ ಕಟ್ಟುವ ವಸ್ತ್ರದ ಅಂಚು, ಪತ್ತಾಕ್‌ನ ಸುತ್ತಳತೆಯನ್ನು ಗೆರೆಯಲ್ಲಿ ಅನುಸರಿಸುತ್ತ ಹೋಗುವುದು. ಕೈಯನ್ನು ನೋಡಬಾರದು, ಪರದೆಯನ್ನೇ ನೋಡಬೇಕು. ಹಲಗೆಯನ್ನು ಓರೆಯಾಗಿ ಇಡುವ ರೂಢಿಯನ್ನೂ ಬಿಡಿಸಿದೆವು. ಓರೆ ಇಟ್ಟ ಹಲಗೆಯಲ್ಲಿ ನೇರ ಗೆರೆ ಓರೆಯಾಗಿಯೇ ಬೀಳುತ್ತದೆ.

ಬಳೆಯಂಥ ಗುರುತಿನ ವಿಷಯ ಸ್ವಲ್ಪ ಜಟಿಲ. ಅದು ವಿಂಡೋಸ್‌ನ ಏರ್ಪಾಡು. ಪೆನ್ನಿನ ಮೊನೆಯನ್ನು ಒಂದು ಕ್ಷಣ ಒತ್ತಿ ಹಿಡಿದರೆ ಮೌಸ್‌ನ ಬಲಗುಂಡಿ ಒತ್ತಿದಂತೆ ಎಂದು ಅದು ಎಣಿಸುತ್ತದೆ, ಹಾಗೆ ಎಣಿಸಲು ಆ ಉಂಗುರ ತೋರಿಸಿ ಕಾಯುತ್ತದೆ. ಟಿಪ್ಪಣಿ ಬರೆಯುವವರಿಗೆ ಇದರಿಂದ ಅನುಕೂಲ ಇರಬಹುದು. ಚರ್ಮದ ಮೇಲೆ ಚುಕ್ಕೆ ಚುಕ್ಕೆಯಾಗಿ ಬೆಳಕು ಇಡುವವರಿಗೆ ಇದು ಕೈ ಕಟ್ಟಿಹಾಕುತ್ತದೆ: ಹಗುರವಾದ, ಚಿಕ್ಕ ಸ್ಪರ್ಶಗಳೇ ಕಾಣೆಯಾಗುತ್ತವೆ. ಅದಕ್ಕೆ ಅವಳು ಮತ್ತಷ್ಟು ಬಲವಾಗಿ ಒತ್ತುತ್ತಿದ್ದಳು. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಒತ್ತಿ ಹಿಡಿಯುವ ಸೌಲಭ್ಯವನ್ನು ನಿಲ್ಲಿಸಿ, ಡ್ರೈವರ್‌ನಲ್ಲಿ ವಿಂಡೋಸ್ ಇಂಕ್ ಎಂಬ ಆಯ್ಕೆಯ ಗುರುತನ್ನೂ ತೆಗೆದೆವು. ಉಂಗುರ ಹೋಯಿತು. ಜೊತೆಗೆ ಒತ್ತಡವೂ ಹೋಯಿತು! ಎಷ್ಟು ಒತ್ತಿದರೂ ಬ್ರಷ್ ಒಂದೇ ಸಮ. ಫೋಟೋಶಾಪ್‌ನ ಬ್ರಷ್ ಫಲಕದಲ್ಲಿ ಒತ್ತಡದ ಆಯ್ಕೆಯ ಪಕ್ಕ ಎಚ್ಚರಿಕೆಯ ತ್ರಿಕೋನ ಕಾಣಿಸಿಕೊಂಡಿತು.

ಈ ಹಂತದಲ್ಲಿ ಎಷ್ಟೋ ಮಂದಿ ಗುರುತನ್ನು ಮತ್ತೆ ಹಾಕಿ, ಉಂಗುರದ ಜೊತೆಗೇ ಬದುಕಲು ಕಲಿಯುತ್ತಾರೆ. ಮಾಲೀಕರೂ ಅದನ್ನೇ ಹೇಳಿದರು. ಆದರೆ ಇದಕ್ಕೆ ಪರಿಹಾರವಿದೆ. ವಿಂಡೋಸ್‌ನಲ್ಲಿ ಫೋಟೋಶಾಪ್ ಪೆನ್ನಿನ ಒತ್ತಡವನ್ನು ವಿಂಡೋಸ್ ಇಂಕ್ ಮೂಲಕವೇ ಕೇಳಿ ಪಡೆಯುತ್ತದೆ. ಹಳೆಯ ದಾರಿಯಾದ ವಿನ್‌ಟ್ಯಾಬ್ ಮೂಲಕ ಪಡೆ ಎಂದು ಅದಕ್ಕೆ ತಿಳಿಸಬೇಕು. ನೋಟ್‌ಪ್ಯಾಡ್‌ನಲ್ಲಿ ಪಿಎಸ್‌ಯೂಸರ್‌ಕಾನ್ಫಿಗ್ (PSUserConfig.txt) ಎಂಬ ಹೆಸರಿನ ಟೆಕ್ಸ್ಟ್ ಕಡತ ಮಾಡಿ, ಅದರೊಳಗೆ ಯೂಸ್‌ಸಿಸ್ಟಮ್‌ಸ್ಟೈಲಸ್ (UseSystemStylus) ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಪದಗಳ ನಡುವೆ ಜಾಗವಿಲ್ಲದೆ ಬರೆದು, ಒಂದು ಜಾಗ ಬಿಟ್ಟು 0 ಹಾಕಿ, ಬಳಕೆದಾರರ ಆ್ಯಪ್‌ಡೇಟಾ ಫೋಲ್ಡರ್‌ನೊಳಗೆ ಫೋಟೋಶಾಪ್‌ನ ಆಯಾ ಆವೃತ್ತಿಯ ಸೆಟ್ಟಿಂಗ್ಸ್ ಫೋಲ್ಡರ್‌ನಲ್ಲಿ ಉಳಿಸಬೇಕು. ಫೋಟೋಶಾಪ್ ಮುಚ್ಚಿ ತೆರೆದಾಗ ತ್ರಿಕೋನ ಮಾಯವಾಗಿತ್ತು, ಉಂಗುರ ಮರಳಿ ಬರಲಿಲ್ಲ. ಹೊಸ ಆವೃತ್ತಿಗೆ ಹೋದಾಗ ಸೆಟ್ಟಿಂಗ್ಸ್ ಫೋಲ್ಡರ್ ಬೇರೆಯಾಗುವುದರಿಂದ ಈ ಕಡತವನ್ನು ಅಲ್ಲಿಗೂ ನಕಲು ಮಾಡಿಕೊಳ್ಳಬೇಕು. ಇದನ್ನು ಒಂದು ಚೀಟಿಯಲ್ಲಿ ಬರೆದು ಮಾನಿಟರ್‌ನ ಹಿಂಬದಿಗೆ ಅಂಟಿಸಿಟ್ಟೆವು.

ಇನ್ನು ಹೆಬ್ಬೆರಳಿನ ನೋವು. ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಇದು, ಏಕೆಂದರೆ ಉಳಿದವು ಚಿತ್ರವನ್ನು ಕೆಡಿಸುತ್ತವೆ, ಇದು ಮನುಷ್ಯರನ್ನು ಕೆಡಿಸುತ್ತದೆ. ಮಾಲೀಕರದು ಭಾರದ ಕೈ. ಡ್ರೈವರ್‌ನಲ್ಲಿ ಮೊನೆಯ ಸ್ಪರ್ಶದ ಜಾರುಪಟ್ಟಿಯನ್ನು ಅವರು ಗಟ್ಟಿ ಎಂಬ ತುದಿಗೆ ಸರಿಸಿದ್ದರು. ಪೂರ್ತಿ ಒತ್ತಡ ಬರಬೇಕಾದರೆ ಚೆನ್ನಾಗಿಯೇ ಒತ್ತಬೇಕು. ಅವರ ಕೈಗೆ ಅದು ಸರಿ. ಹುಡುಗಿಯದು ತೀರ ಹಗುರ ಕೈ, ರಂಗೋಲಿ ಎಳೆಯುವ ಕೈ. ಅವಳು ಸಹಜವಾಗಿ ಇಟ್ಟ ಸ್ಪರ್ಶ ಪರದೆಯಲ್ಲಿ ಮೂಡುತ್ತಿರಲಿಲ್ಲ, ಮೂಡಲೆಂದು ಬೆರಳು ಬಿಗಿಯಾಗುತ್ತಿತ್ತು, ಬಿಗಿದ ಬೆರಳು ಸಂಜೆಗೆ ನೋಯುತ್ತಿತ್ತು. ಜಾರುಪಟ್ಟಿಯನ್ನು ಮೃದುವಿನ ಕಡೆಗೆ ಎರಡು ಮೆಟ್ಟಿಲು ಸರಿಸಿ, ಬೂದು ಹಾಳೆಯೊಂದರ ಮೇಲೆ ಗೆರೆ ಎಳೆಸಿ ನೋಡಿದೆವು. ತೆಳುವಾಗಿ ಶುರುವಾಗಿ, ನಡುವೆ ದಟ್ಟವಾಗಿ, ಮತ್ತೆ ತೆಳುವಾಗಿ ಮುಗಿಯುವ ಗೆರೆ ಬೆರಳು ಬಿಗಿಯದೆ ಬರುವವರೆಗೂ ಜಾರುಪಟ್ಟಿಯನ್ನು ಅತ್ತಿತ್ತ ಮಾಡಿದೆವು. ಬಂದ ಮೇಲೆ ಅವಳೇ ‘ಈಗ ಒತ್ತುವುದೇ ಬೇಡ’ ಎಂದಳು.

ಆದರೆ ಮರುದಿನ ಮಾಲೀಕರು ಕುಳಿತಾಗ ಅವರಿಗೆ ಅದು ಅತಿಯಾಯಿತು, ಮುಟ್ಟಿದ ಕೂಡಲೇ ಪೂರ್ತಿ ಬಣ್ಣ. ಅವರು ತಮ್ಮ ಕೈಗೆ ಬದಲಿಸಿಕೊಂಡರು, ಅವಳು ಮತ್ತೆ ತನ್ನ ಕೈಗೆ. ಹೀಗೆ ಜಗ್ಗಾಟ ಶುರುವಾಯಿತು. ಮಧ್ಯದಲ್ಲಿ ಎಲ್ಲೋ ಇಟ್ಟುಕೊಳ್ಳೋಣ ಎಂಬ ಸಲಹೆ ಬಂತು. ಅದನ್ನು ನಾನು ಒಪ್ಪಲಿಲ್ಲ. ಮಧ್ಯದಲ್ಲಿ ಇಟ್ಟರೆ ಇಬ್ಬರಿಗೂ ಸರಿಹೋಗುವುದಿಲ್ಲ. ಒತ್ತಡದ ಹೊಂದಾಣಿಕೆ ಕನ್ನಡಕದ ಪವರ್ ಇದ್ದಂತೆ, ಒಬ್ಬರದನ್ನು ಇನ್ನೊಬ್ಬರು ಹಾಕಿಕೊಳ್ಳಬಾರದು. ಅವರ ಡ್ರೈವರ್ ಈ ಹೊಂದಾಣಿಕೆಗಳನ್ನು ವಿಂಡೋಸ್ ಖಾತೆವಾರು ಇಟ್ಟುಕೊಳ್ಳುತ್ತಿದ್ದ ಕಾರಣ ಇಬ್ಬರಿಗೂ ಬೇರೆ ಬೇರೆ ಲಾಗಿನ್ ಮಾಡಿಸಿದೆವು. ತನ್ನ ಲಾಗಿನ್‌ನಲ್ಲಿ ತನ್ನ ಪೆನ್ನು. ಎರಡನೆಯ ತಿರುವು ಎಂದು ನಾನು ಗುರುತಿಸುವುದು ಇದನ್ನು. ಅಂದಿನಿಂದ ಹುಡುಗಿ ಅದನ್ನು ಮಾಲೀಕರದೆಂಬಂತೆ ‘ಅಣ್ಣನ ಟ್ಯಾಬ್ಲೆಟ್’ ಎನ್ನುವುದನ್ನು ಬಿಟ್ಟಳು.

ಬ್ರಷ್‌ನಲ್ಲಿ ಒತ್ತಡ ಯಾವುದಕ್ಕೆ ಸಲ್ಲಬೇಕು ಎಂಬುದೂ ತೀರ್ಮಾನವಾಗಬೇಕಿತ್ತು. ಒತ್ತಿದಂತೆ ಬ್ರಷ್ ದಪ್ಪವಾಗುವ ಏರ್ಪಾಡು ಚಿತ್ರ ಬರೆಯುವವರಿಗೆ ಬೇಕು. ಫೋಟೋ ತಿದ್ದುವಾಗ ಅದರಿಂದ ತೊಂದರೆಯೇ ಹೆಚ್ಚು, ಏಕೆಂದರೆ ಎಷ್ಟು ಅಗಲಕ್ಕೆ ತಿದ್ದುತ್ತಿದ್ದೇವೆ ಎನ್ನುವುದು ಕೈಗೆ ಖಚಿತವಾಗಿ ಗೊತ್ತಿರಬೇಕು. ಗಾತ್ರಕ್ಕೆ ಒತ್ತಡವನ್ನು ನಿಲ್ಲಿಸಿ, ಒಪಾಸಿಟಿಗೆ ಮಾತ್ರ ಒತ್ತಡ ಕೊಟ್ಟು, ಸವರಿದಾಗ ಬಣ್ಣ ಬೀಳುವ ಪ್ರಮಾಣವಾದ ಫ್ಲೋವನ್ನು ತೀರ ಕೆಳಗೆ, ನೂರಕ್ಕೆ ನಾಲ್ಕೈದರಷ್ಟು ಇಟ್ಟೆವು. ಇದನ್ನು ಬ್ರಷ್ ಪ್ರೀಸೆಟ್ ಆಗಿ ಉಳಿಸಿದ್ದರಿಂದ ಮತ್ತೆ ಹುಡುಕುವ ಕೆಲಸವಿಲ್ಲ. 2017ರ ಕೊನೆಯಲ್ಲಿ ಬಂದ ಆವೃತ್ತಿಯಿಂದ ಫೋಟೋಶಾಪ್ ಬ್ರಷ್‌ಗೆ ಸ್ಮೂದಿಂಗ್ ಎಂಬುದೊಂದಿದೆ. ಕೈನಡುಕ ಕಾಣದಂತೆ ಗೆರೆಯನ್ನು ಸರಾಗಗೊಳಿಸುತ್ತದೆ, ಆದರೆ ಬ್ರಷ್ ಕೈಯ ಹಿಂದೆ ಹಿಂದೆ ಎಳೆದುಕೊಂಡು ಬಂದಂತಾಗುತ್ತದೆ. ಅದನ್ನು ಸೊನ್ನೆಗೆ ಇಳಿಸಿದೆವು.

ಪೆನ್ನಿನ ಪಕ್ಕದಲ್ಲಿ ಎರಡು ಗುಂಡಿಗಳಿವೆ. ಕೆಳಗಿನದನ್ನು ಮೌಸ್‌ನ ಬಲಗುಂಡಿಯಾಗಿಯೇ ಉಳಿಸಿಕೊಂಡೆವು, ಅದಕ್ಕೊಂದು ಬಲವಾದ ಕಾರಣವಿದೆ. ಎಡಗೈಯಲ್ಲಿ ಆಲ್ಟ್ ಒತ್ತಿ, ಈ ಗುಂಡಿ ಹಿಡಿದು ಪೆನ್ನನ್ನು ಅಡ್ಡಲಾಗಿ ಎಳೆದರೆ ಬ್ರಷ್ ಹಿಗ್ಗುತ್ತದೆ, ಕುಗ್ಗುತ್ತದೆ. ಮೇಲೆ ಕೆಳಗೆ ಎಳೆದರೆ ಅದರ ಅಂಚು ಗಟ್ಟಿಯಾಗುತ್ತದೆ, ಮೆದುವಾಗುತ್ತದೆ. ಮುಖದ ಮೇಲಿಂದ ಪೆನ್ನು ಕದಲುವುದಿಲ್ಲ. ರೆಕಾರ್ಡಿಂಗ್‌ನಲ್ಲಿ ಕಂಡ ಓಡಾಟದ ದೊಡ್ಡ ಪಾಲು ಈ ಒಂದರಿಂದಲೇ ಇಲ್ಲವಾಯಿತು. ಮೇಲಿನ ಗುಂಡಿಗೆ ಮೊದಲು ಅನ್‌ಡೂ ಕೊಟ್ಟಿದ್ದರು. ಪೆನ್ನು ತಿರುಗಿಸುವಾಗ ಬೆರಳು ತಗಲಿ, ಮಾಡಿದ ಕೆಲಸ ಗೊತ್ತಾಗದಂತೆ ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗುತ್ತಿತ್ತು. ಅದನ್ನು ಏನೂ ಮಾಡದ ಗುಂಡಿಯಾಗಿ ಇಟ್ಟೆವು. ಕೈಯಲ್ಲಿ ಗುಂಡಿ ಇದೆಯೆಂದು ಅದಕ್ಕೆ ಕೆಲಸ ಹಚ್ಚಲೇಬೇಕೆಂದಿಲ್ಲ.

ಮಡಿಲಲ್ಲಿದ್ದ ಎಡಗೈ ಕೀಬೋರ್ಡ್‌ಗೆ ಬಂತು. ಹಲಗೆ ಎದೆಯ ನೇರಕ್ಕೆ, ಕೀಬೋರ್ಡ್ ಎಡಕ್ಕೆ. ಸ್ಪೇಸ್ ಒತ್ತಿ ಚಿತ್ರ ಸರಿಸುವುದು, ಕಂಟ್ರೋಲ್ ಜೊತೆ ಸ್ಪೇಸ್ ಒತ್ತಿ ಹತ್ತಿರ ಮಾಡುವುದು, ಆಲ್ಟ್ ಒತ್ತಿ ಕಲೆ ಮುಚ್ಚುವ ಹೀಲಿಂಗ್ ಬ್ರಷ್‌ಗೆ ಮಾದರಿ ತೆಗೆಯುವುದು, ಎಕ್ಸ್ ಒತ್ತಿ ಮಾಸ್ಕ್‌ನಲ್ಲಿ (ಬಿಳಿ ಬಳಿದಲ್ಲಿ ತಿದ್ದುಪಡಿ ತೋರಿಸಿ, ಕಪ್ಪು ಬಳಿದಲ್ಲಿ ಮರೆಮಾಡುವ ಪದರ) ಕಪ್ಪು ಬಿಳುಪು ಅದಲು ಬದಲು ಮಾಡುವುದು. ಮೊದಲಿಗೆ ಇವು ನಾಲ್ಕೇ, ಇನ್ನೊಂದನ್ನು ಸೇರಿಸಬಾರದು ಎಂದು ಕಟ್ಟಪ್ಪಣೆ ಮಾಡಿದೆ. ಹಲಗೆಯ ಮೇಲಂಚಿನಲ್ಲಿದ್ದ ಗುಂಡಿಗಳು ಎಡಗೈಗೆ ಎಟುಕದ ಜಾಗದಲ್ಲಿದ್ದುದರಿಂದ ಅವನ್ನು ಬಳಸಲೇ ಇಲ್ಲ.

ಕೊಡಗಿನ ಮಳೆಗಾಲದಲ್ಲಿ ಇನ್ನೊಂದು ತಾಪತ್ರಯವುಂಟು. ಗಾಳಿಯಲ್ಲೇ ನೀರಿರುವ ಆ ದಿನಗಳಲ್ಲಿ ಅಂಗೈಯ ಅಂಚು ಹಲಗೆಗೆ ಅಂಟಿಕೊಳ್ಳುತ್ತದೆ, ಗೆರೆ ತಡೆತಡೆದು ಬರುತ್ತದೆ. ಕಿರುಬೆರಳು, ಉಂಗುರದ ಬೆರಳು ಮುಚ್ಚುವ ಹತ್ತಿಯ ಕೈಗವಸನ್ನು ಅವಳು ಹಳೆಯ ಬಿಳಿ ಕೈಗವಸಿನಿಂದ ತಾನೇ ಕತ್ತರಿಸಿ ಹೊಲಿದುಕೊಂಡಳು, ಸಾಕಾಯಿತು. ಪೆನ್ನಿನ ಮೊನೆ ಒಂದು ಕಡೆಗೆ ಸವೆದು ಉಳಿಯಂತೆ ಚೂಪಾಗಿತ್ತು. ಗಟ್ಟಿಯಾಗಿ ಒತ್ತಿದ ಏಪ್ರಿಲ್‌ನ ಗುರುತು ಅದು. ಹಾಗೆ ಬಿಟ್ಟರೆ ಹಲಗೆಯ ಮೇಲ್ಮೈಗೆ ಗೀರು ಬೀಳುತ್ತದೆ. ಜೊತೆಗೆ ಬಂದಿದ್ದ ಬದಲಿ ಮೊನೆ ಹಾಕಿದೆವು. ಮರ ಬಿದ್ದು ಕರೆಂಟ್ ಹೋಗುವುದು ಮಾಮೂಲಿಯಾದ್ದರಿಂದ ಯುಪಿಎಸ್ ಮೊದಲೇ ಇತ್ತು.

ಏನಾಯಿತು

ಕಕ್ಕಡದ ಮೊದಲ ವಾರಗಳಲ್ಲಿ ಅವಳ ಕೆಲಸ ಮೌಸ್‌ಗಿಂತ ನಿಧಾನವೇ ಆಯಿತು. ಬಾಕಿ ಉಳಿದ ಹಳೆಯ ಆಲ್ಬಂಗಳ ಮೇಲೆ ಅಭ್ಯಾಸ ನಡೆಯುತ್ತಿದ್ದ ಕಾರಣ ಯಾರಿಗೂ ಅವಸರವಿರಲಿಲ್ಲ. ಮಾಲೀಕರಿಗೆ ಮಾತ್ರ ಸಮಾಧಾನವಿಲ್ಲ. ಅವರು ಒಂದು ದಿನ ಬಂದು ನೋಡುವಾಗ ಅವಳು ಮೌಸ್ ಹಿಡಿದಿದ್ದಳು. ‘ಇಷ್ಟು ದುಡ್ಡು ಹಾಕಿ ತಂದಿದ್ದೇನೆ, ಮತ್ತೆ ಅದನ್ನೇ ಹಿಡಿದಿದ್ದೀಯಲ್ಲಮ್ಮ’ ಎಂದರು. ಅವಳು ಮಾಡುತ್ತಿದ್ದದ್ದು ಸಾವಿರಾರು ಚಿತ್ರಗಳಲ್ಲಿ ಬೇಕಾದವನ್ನು ಆರಿಸುವ ಕೆಲಸ.

ಅಲ್ಲಿ ಒಂದು ಮಾತುಕತೆ ನಡೆಯಿತು, ನನ್ನ ಮಟ್ಟಿಗೆ ಈ ಪ್ರಕರಣದ ತಿರುಳೇ ಅದು. ಚಿತ್ರ ಆರಿಸುವಾಗ ಬೇಕಾದದ್ದು ಮುಂದಿನ ಚಿತ್ರಕ್ಕೆ ಹೋಗುವ ಬಾಣದ ಗುಂಡಿ ಮತ್ತು ಗುರುತು ಹಾಕುವ ಗುಂಡಿ. ಪೆನ್ನಿಗೆ ಅಲ್ಲಿ ಕೆಲಸವಿಲ್ಲ. ಲೈಟ್‌ರೂಮ್ ತಂತ್ರಾಂಶದಲ್ಲಿ ಬಿಳಿ ಸಮತೋಲನ, ಬೆಳಕಿನ ಮಟ್ಟ ಸರಿಪಡಿಸುವ ಜಾರುಪಟ್ಟಿಗಳು ತೆಳ್ಳಗಿವೆ; ಪೆನ್ನನ್ನು ಎತ್ತುವ ಗಳಿಗೆಯಲ್ಲಿ ಕೈ ಕೊಂಚ ಕದಲಿ ಅಂಕಿ ಬದಲಾಗುತ್ತದೆ. ಆಲ್ಬಂ ಪುಟದಲ್ಲಿ ಚಿತ್ರಗಳನ್ನು ಸಾಲಾಗಿ ಕೂರಿಸುವಾಗಲೂ ಮೌಸ್‌ನದೇ ನಿಖರತೆ. ಪೆನ್ನಿನ ಕೆಲಸ ಶುರುವಾಗುವುದು ಚರ್ಮ, ಬಟ್ಟೆ, ಕೂದಲು, ಮಾಸ್ಕ್‌ಗಳ ಬಳಿ. ಒತ್ತಡಕ್ಕೆ ಅರ್ಥವಿರುವ ಕಡೆ. ಮಾಲೀಕರು ನಡುವೆ ಬಾಯಿ ಹಾಕದೆ ಕೇಳಿಸಿಕೊಂಡರು. ಹಳೆಯ ಕಾಲದಲ್ಲಿ ನೆಗೆಟಿವ್ ತೊಳೆಯುವಾಗ ಪೆನ್ಸಿಲ್ ಹಿಡಿದು ಕೂರುತ್ತಿರಲಿಲ್ಲ, ತೊಳೆದು ಒಣಗಿದ ಮೇಲಷ್ಟೇ ಹಿಡಿಯುತ್ತಿದ್ದೆ ಎಂದು ಅವರೇ ಹೇಳಿದರು. ಅಂದಿನಿಂದ ಕೆಲಸವನ್ನು ಎರಡು ಪಾಳಿ ಮಾಡಿದರು: ಬೆಳಿಗ್ಗೆ ಆರಿಸುವುದು ಮತ್ತು ಬಣ್ಣ, ಕೀಬೋರ್ಡ್ ಮೌಸ್‌ಗಳಲ್ಲಿ, ಮಧ್ಯಾಹ್ನದ ಮೇಲೆ ಆಯ್ದ ಭಾವಚಿತ್ರಗಳು, ಪೆನ್ನಿನಲ್ಲಿ. ನಡುನಡುವೆ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವುದು ತಪ್ಪಿತು.

ವಾಪಸು ಬಂದಿದ್ದ ಆ ಅಜ್ಜಿಯ ಚಿತ್ರವನ್ನು ಅವಳು ಮೊದಲಿನಿಂದ ತಿದ್ದಿದಳು. ಎರಡು ಕರ್ವ್ಸ್ ಲೇಯರ್, ಒಂದು ಬೆಳಗಿಸಲು, ಒಂದು ತಗ್ಗಿಸಲು, ಎರಡರ ಮಾಸ್ಕ್‌ಗೂ ಕಪ್ಪು ತುಂಬಿ. ಕಣ್ಣಿನ ಕೆಳಗಿನ ಆಳವಾದ ಗೆರೆಯಲ್ಲಿ ಬಿಳಿ ಬ್ರಷ್ ಹಿಡಿದು, ಪೆನ್ನಿನ ಭಾರವಷ್ಟೇ ಬೀಳುವ ಹಾಗೆ ಮೂರು ನಾಲ್ಕು ಸಲ ಸವರಿದಳು. ಗೆರೆ ಹೋಗಲಿಲ್ಲ. ಅದರೊಳಗಿನ ಕರಿ ನೆರಳು ತಿಳಿಯಾಯಿತು, ಮಂಟಪದ ದೀಪ ಅಡ್ಡ ಬಂದು ಮಾಡಿದ್ದ ಕಠಿಣತೆ ಮಾತ್ರ ಕರಗಿತು. ಗಲ್ಲದ ಮೇಲೆ ದೀಪದ ಗುಲಾಬಿ ಛಾಯೆ ಬಿದ್ದಿದ್ದ ಜಾಗವನ್ನು ಇನ್ನೊಂದು ಮಾಸ್ಕ್‌ನಲ್ಲಿ ಹದಕ್ಕೆ ತಂದಳು. ಹಿಂದೆ ನಿಂತವರ ಕಪ್ಪು ಕುಪ್ಯದಲ್ಲಿ ಮಡಿಕೆಗಳ ಏಣಿನ ಮೇಲೆ ಮಾತ್ರ ಬೆಳಕು ಎಳೆದಾಗ ಬಟ್ಟೆಗೆ ಮೈ ಬಂತು. ಮನೆಯವರಿಗೆ ಹೊಸ ಪ್ರತಿಯನ್ನು ಹಣ ಕೇಳದೆ ಕಳುಹಿಸಿದರು. ಮಾಲೀಕರು ಮಾಡಿದ ಅತ್ಯುತ್ತಮ ನಿರ್ಧಾರಗಳಲ್ಲಿ ಇದೂ ಒಂದು ಎಂದು ನನ್ನ ಅಭಿಪ್ರಾಯ.

ಸೆಪ್ಟೆಂಬರ್‌ನ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಕಳೆದು ಕೆಲಸ ಮತ್ತೆ ಶುರುವಾಗುವಾಗ ಪೆನ್ನು ಅವಳ ಕೈಗೆ ಕುಳಿತಿತ್ತು. ಮೌಸ್‌ನಲ್ಲಿ ಅರ್ಧ ಗಂಟೆ ಹಿಡಿಯುತ್ತಿದ್ದ ಒಂದು ಭಾವಚಿತ್ರ ಹತ್ತು ಹನ್ನೆರಡು ನಿಮಿಷಕ್ಕೆ ಇಳಿದಿತ್ತು, ಅದೂ ನುಣುಪಿನ ಫಿಲ್ಟರ್ ಇಲ್ಲದೆ. ಇಡೀ ಮದುವೆಯ ಆಲ್ಬಂ ಲೆಕ್ಕಕ್ಕೆ ತೆಗೆದುಕೊಂಡರೆ ಉಳಿತಾಯ ಅಷ್ಟಿಲ್ಲ, ಏಕೆಂದರೆ ಆರಿಸುವ ಮತ್ತು ಪುಟ ಕಟ್ಟುವ ಕೆಲಸಕ್ಕೆ ಹಿಡಿಯುವ ಹೊತ್ತು ಮೊದಲಿನಷ್ಟೇ ಇದೆ. ಇದನ್ನು ಮಾಲೀಕರಿಗೆ ಸ್ಪಷ್ಟವಾಗಿ ಹೇಳಿದ್ದೆ, ಈಗ ಓದುವವರಿಗೂ ಹೇಳುತ್ತಿದ್ದೇನೆ. ಪೆನ್ನು ತಂದರೆ ಆಲ್ಬಂ ಅರ್ಧ ಸಮಯದಲ್ಲಿ ಮುಗಿಯುತ್ತದೆ ಎಂಬ ಭರವಸೆಯ ಮೇಲೆ ಗ್ರಾಹಕರಿಗೆ ದಿನಾಂಕ ಕೊಡಬೇಡಿ. ಹೆಬ್ಬೆರಳಿನ ನೋವು ನಿಂತಿದೆ. ಆದರೂ ಗಂಟೆಗೊಮ್ಮೆ ಪೆನ್ನು ಕೆಳಗಿಟ್ಟು ಎದ್ದು ಓಡಾಡುವ ನಿಯಮವನ್ನು ಅವರು ಉಳಿಸಿಕೊಂಡಿದ್ದಾರೆ.

ಇದೇ ದಾರಿಯಲ್ಲಿರುವ ಸ್ಟುಡಿಯೋಗಳಿಗೆ ನಾನು ಹೇಳುವ ಅನುಕ್ರಮ ಈ ಪ್ರಕರಣದಿಂದಲೇ ಬಂದದ್ದು. ಮೊದಲು ಹಲಗೆ ಯಾವ ಪರದೆಗೆ ಕಟ್ಟಿದೆ, ಅನುಪಾತ ಸರಿಯಿದೆಯೇ ನೋಡಿ. ಒಂದು ವೃತ್ತ ಬರೆದರೆ ಗೊತ್ತಾಗುತ್ತದೆ. ಆಮೇಲೆ ವಿಂಡೋಸ್‌ನ ಉಂಗುರ. ಒತ್ತಡದ ಹೊಂದಾಣಿಕೆ ಅದರ ನಂತರವೇ, ಏಕೆಂದರೆ ಉಂಗುರ ನುಂಗಿದ ಸ್ಪರ್ಶಗಳನ್ನು ಒತ್ತಡದ ಕೊರತೆಯೆಂದು ತಪ್ಪಾಗಿ ತಿಳಿಯುವ ಸಂಭವವಿದೆ. ಇಲ್ಲಿ ಏಪ್ರಿಲ್‌ನಲ್ಲಿ ಆದದ್ದು ಅದೇ. ಪೆನ್ನಿನ ಗುಂಡಿಗಳು, ಎಡಗೈಯ ಕೀಲಿಗಳು ಕೊನೆಗೆ. ಪೆನ್ನು ಹಿಡಿಯುವವರು ಪಕ್ಕದಲ್ಲಿ ಕುಳಿತಿರದೆ ಯಾರೂ ಸೆಟ್ಟಿಂಗ್ ಮುಟ್ಟಬಾರದು.

ಈಗ ಮಾಲೀಕರು ಇದಕ್ಕಿಂತ ದೊಡ್ಡ ಹಲಗೆ ಕೊಳ್ಳುವ ಯೋಚನೆಯಲ್ಲಿದ್ದಾರೆ. ದೊಡ್ಡದರಲ್ಲಿ ಗೆರೆ ಇನ್ನೂ ನಯವಾಗಿ ಬರುತ್ತದೆ, ನಿಜ; ಆದರೆ ಮಣಿಕಟ್ಟಿನ ಬದಲು ಇಡೀ ತೋಳು ಆಡಬೇಕಾಗುತ್ತದೆ, ಅವರ ಮೇಜು ಕಿರಿದು, ಕೀಬೋರ್ಡ್ ಎಡಕ್ಕೆ ಇನ್ನಷ್ಟು ದೂರ ಸರಿಯುತ್ತದೆ. ಮೊದಲು ಮೇಜು ಬದಲಾಯಿಸಿ, ಮತ್ತೊಂದು ಪೊಟ್ಟಣ ಬದಲಿ ಮೊನೆ ತರಿಸಿಡಿ ಎಂದು ಹೇಳಿ ಬಂದಿದ್ದೇನೆ. ಅವರು ಎರಡನೆಯದನ್ನು ಮಾಡಿದ್ದಾರೆ. ಮೇಜಿನ ಅಳತೆ ತೆಗೆದುಕೊಳ್ಳಲು ಬಡಗಿ ಮುಂದಿನ ವಾರ ಬರುತ್ತಾನಂತೆ.